ಮಲಗಿದ್ದೆ, ಸ್ವಾಮೀ

ಎಂಟನೇ ತರಗತಿಗೆ ಅಮೆರಿಕದ ಹಳೇ ಕಥೆ ಹೇಳುತ್ತಿದ್ದೆ:
ಬೆಟ್ಟದಲ್ಲಿ ಇಪ್ಪತ್ತು ವರ್ಷ ಮಲಗಿ ಎದ್ದವನೊಬ್ಬ
ಇಳಿದು ಬಂದು ನೋಡಿದರೆ
ಛತ್ರದ ಹಲಗೆಯಲ್ಲಿದ್ದ ರಾಜ ಇರಲಿಲ್ಲ,
ಅದೇ ಮುಖಕ್ಕೆ ಬೇರೆ ಅಂಗಿ, ಬೇರೆ ಹೆಸರು.
"ಇದರ ಅರ್ಥ ಬರೆದುಕೊಳ್ಳಿ" ಎಂದೆ.
ಕಿಟಕಿ ಪಕ್ಕದ ಝುಲೈಖಾ ಪೆನ್ನು ಕಚ್ಚುತ್ತಾ,
"ಟೀಚರ್, ಅವ ನಿಜಕ್ಕೂ ಮಲಗಿದ್ದನಾ?"

ಗಂಟೆ ಹೊಡೆಯಿತು. ನಾನು ಉತ್ತರ ಹೇಳಲಿಲ್ಲ.

ಕಿಟಕಿಯಾಚೆ ಬಾವುಟಗುಡ್ಡೆ.
ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು
ನೆತ್ತಿಯ ಕೂದಲು ಸವೆಸಿಕೊಂಡ ನನ್ನ ಅಜ್ಜಿ ಸೇಸಮ್ಮ
ಇದೇ ಕಥೆಯ ಇನ್ನೊಂದು ಮಗ್ಗುಲು ಹೇಳುತ್ತಿದ್ದಳು.
ಅಲ್ಲಿ ಬೆಟ್ಟವಿಲ್ಲ, ನೇತ್ರಾವತಿಯ ನಡುವೆ ಒಂದು ಕುದ್ರು.
ಉಪ್ಪಿನ ದೋಣಿಯ ತ್ಯಾಂಪ,
ಸುಗ್ಗಿ ತಿಂಗಳ ಬಿಸಿಲು, ಎರಡು ಕುಡಿಕೆ ಕಳ್ಳು,
ತೆಂಗಿನ ನೆರಳಿಗೆ ಒರಗಿದವ ಏಳಲೇ ಇಲ್ಲ.
ಹದಿಮೂರು ದಿನ.

ಮಲಗುವಾಗ ಗುಡ್ಡೆಯ ಮೇಲೆ ಕಂಪೆನಿಯ ಬಾವುಟ.
ಎದ್ದು ಕಣ್ಣುಜ್ಜಿ ನೋಡುವಾಗಲೂ
ಕಂಪೆನಿಯದೇ.
"ಎಂತದೂ ಆಗಲಿಲ್ಲ ಹಾಗಾದರೆ" ಎಂದುಕೊಂಡು
ದೋಣಿಯ ನೀರು ಚೆಲ್ಲಿ ಬಂದರಿಗೆ ಬಂದ.

ನಡುವೆ ಘಟ್ಟದ ಬದಿಯಿಂದ ಇಳಿದ ಜನ
ಆ ಬಾವುಟ ಇಳಿಸಿ ತಮ್ಮದನ್ನು ಏರಿಸಿದ್ದು,
ಉಪ್ಪಿಗೆ, ಹೊಗೆಸೊಪ್ಪಿಗೆ ಇನ್ನು ಕಟ್ಟಿಲ್ಲ ಎಂದು ಸಾರಿದ್ದು,
ಜೈಲಿನ ಬಾಗಿಲು ಬಾಯಿ ತೆರೆದದ್ದು,
ಆಮೇಲೆ ಕಡಲಿನಿಂದ ಹಡಗು ಬಂದದ್ದು,
ಇಷ್ಟನ್ನು ಅಜ್ಜಿ ದನಿ ತಗ್ಗಿಸಿ
ಮೀನಿನ ಮುಳ್ಳು ತೆಗೆದು ಬದಿಗಿಡುವಂತೆ ಹೇಳಿ ಮುಗಿಸುತ್ತಿದ್ದಳು.
ನಗು ಇರುವುದು ಮುಂದೆ.

ಕಚೇರಿಯ ಮೇಜು. ಗುಮಾಸ್ತನ ಗರಿಲೇಖನಿ.
"ಆ ಹದಿಮೂರು ದಿನ ಎಲ್ಲಿದ್ದೆ?"
"ಯಾನ್ ಜೆತ್ತ್‌ದಿತ್ತೆ" ಎಂದ ತ್ಯಾಂಪ.
ಮಲಗಿದ್ದೆ, ಸ್ವಾಮೀ.
ಸಾಲಿನಲ್ಲಿ ಹಿಂದಿದ್ದ ಗಾಣದ ಪರ್ಗು ಕಿವಿ ನಿಮಿರಿಸಿದ.
ಅವನೂ ಮಲಗಿದ್ದನಂತೆ.
ಬಳೆಗಾರ ಮಲಗಿದ್ದ. ಬಂದರಿನ ಹಮಾಲಿ ಹಮ್ಮಬ್ಬ ಮಲಗಿದ್ದ.
ಮಿಲಾಗ್ರಿಸಿನ ಗಂಟೆ ಹೊಡೆಯುವ ಪಾಸ್ಕಲ್
ಹಗ್ಗ ಹಿಡಿದುಕೊಂಡೇ ಮಲಗಿದ್ದ.
ಎಮ್ಮೆಕೆರೆಯ ಸೂಲಗಿತ್ತಿ ಕೂಡ;
ಆ ದಿನಗಳಲ್ಲಿ ಮಕ್ಕಳು ತಾವೇ ಹುಟ್ಟಿಕೊಂಡವು.
"ಜೆಪ್ಪು ಎಂದು ಒಂದು ಊರೇ ಉಂಟಲ್ಲ ನಮ್ಮಲ್ಲಿ,
ನಿದ್ದೆಗೆ ಬರವಾ!" ಎಂದು ಅಜ್ಜಿ
ಬಾಯಿಯ ಎಲೆಅಡಿಕೆ ಹಾರುವಷ್ಟು ನಗುತ್ತಿದ್ದಳು.

ನಲವತ್ತು ವರ್ಷ ನಾನೂ ನಕ್ಕೆ.
ಚರಿತ್ರೆ ಕಲಿಸುತ್ತಾ, ಇಸವಿ ಬರೆಸುತ್ತಾ,
ಊರಿಗೆ ಊರೇ ಸೋಮಾರಿ ಎಂದು ನಂಬಿ.

ಈಗ ಸ್ಟಾಫ್ ರೂಮಿನಲ್ಲಿ ಚಹಾ ಆರುತ್ತಿದೆ.
ಎಚ್ಚರವಿದ್ದೆ ಎಂದವರ ಕಥೆಯನ್ನು
ಯಾವ ಅಜ್ಜಿಯೂ ಹೇಳಲಿಲ್ಲ.
ಹೇಳಲು ಆ ಮನೆಗಳಲ್ಲಿ ಯಾರು ಉಳಿದರು?

ಕೊನೆಗೊಂದು ಮಾತು ಸೇರಿಸುತ್ತಿದ್ದಳು ಅವಳು,
ನನ್ನ ನಗುವಿನಲ್ಲಿ ನನಗೇ ಕೇಳಿಸದೆ ಹೋಗುತ್ತಿತ್ತು:
ಗುಮಾಸ್ತ ತ್ಯಾಂಪನ ಮುಷ್ಟಿ ಬಿಡಿಸಿ ನೋಡಿದನಂತೆ.
ಎರಡೂ ಅಂಗೈಗೆ ಅಡ್ಡ, ಹಸಿ ಹಸಿ,
ಹಗ್ಗ ಜಾರಿ ಸುಟ್ಟ ಗೆರೆ.
"ಇದೆಂತದು?"
"ದೋಣಿಯವ, ಸ್ವಾಮೀ. ಹಗ್ಗ ಎಳೆಯುವುದೇ ಕೆಲಸ."

ಗುಮಾಸ್ತ ಊರವನೇ.
ಸ್ವಲ್ಪ ಹೊತ್ತು ಕಿಟಕಿಯಾಚೆ ಗುಡ್ಡೆ ನೋಡಿದ.
ಬರೆದುಕೊಂಡ: ಮಲಗಿದ್ದ.