ಕಿತ್ತಳೆ ಬಣ್ಣದ ಕಿವಿಮುಚ್ಚಳ

ಗ್ಡಾನ್ಸ್ಕ್‌ನ ಹಳೆಯ ಹಡಗುಕಟ್ಟೆಯ ಬಳಿ ಟ್ರ್ಯಾಮ್ ಇಳಿದೆವು.
ನನ್ನಪ್ಪ ಬೆಸುಗೆ ಹಾಕಿದ ತೊಲೆಗಳ ಕೆಳಗೆ
ಈಗ ಬಿಯರಿಗೆ ಸರದಿ ನಿಂತಿದೆ.
ಕಲಿನಾ, ನಿನಗೆ ಏಳು ವರ್ಷ.
ಕಿವಿಗೆ ಅಜ್ಜನ ಕಿತ್ತಳೆ ಬಣ್ಣದ ಮುಚ್ಚಳ,
ಮೂವತ್ತು ವರ್ಷ ಸುತ್ತಿಗೆಯೊಡನೆ ಗುದ್ದಾಡಿ
ಕೊನೆಗೂ ಅವನ ಕಿವಿ ಉಳಿಸಲಾಗದೆ ಸೋತದ್ದು.
ನಿನಗದು ದೊಡ್ಡದು. ಉಣ್ಣೆ ಟೋಪಿಯ ಮೇಲೆ
ಹೇಗೋ ಕೂತಿದೆ.

ಕೋಟು ಇಟ್ಟುಕೊಳ್ಳುವ ಹೆಂಗಸು ನಿನ್ನ ಕೈಗೇ ಬಿಲ್ಲೆ ಕೊಟ್ಟಳು:
ನೂರಾ ಹದಿನೇಳು.

'ತುಕ್ಕು ಲಂಗರು' ತಂಡವನ್ನು ನಾನು ಮೊದಲು ಕೇಳಿದ್ದು
ಇಗರ್ಜಿಯ ನೆಲಮಾಳಿಗೆಯಲ್ಲಿ, ವಿಟೆಕ್ ಜೊತೆ.
ಟಿಕೆಟ್ಟಿಗೆ ಕಾಸಿಲ್ಲ,
ಕಲ್ಲಿದ್ದಲು ಸುರಿಯುವ ಕಿಂಡಿಯಿಂದ ಜಾರಿ ಇಳಿದೆವು.
ಮೈಯೆಲ್ಲ ಮಸಿ, ಮೂರು ದಿನ ಕಿವಿಯೊಳಗೆ ಜೀರುಂಡೆ.
ಅಮ್ಮ ಕರೆದದ್ದು ಕೇಳಿಸಲಿಲ್ಲ ಅಂದಾಗ
ಅದೊಂದು ಸಲ ನಾನು ಸುಳ್ಳು ಹೇಳಿರಲಿಲ್ಲ.
ವಿಟೆಕ್ ಈಗ ನನ್ನ ಫೋನು ಎತ್ತುವುದಿಲ್ಲ.
ಓಟಿನ ಜಗಳ.
ಆದರೂ ಆ ಜನಜಂಗುಳಿಯಲ್ಲಿ
ಅವನ ಬೋಳುತಲೆ ಹುಡುಕುತ್ತಲೇ ಇದ್ದೆ.

ದೀಪ ಆರಿತು. ಗಾಯಕ ಬಂದ.
ಹಾಡಿನ ಪಟ್ಟಿ ಓದಲು ಜೇಬಿನಿಂದ ಕನ್ನಡಕ ತೆಗೆದ.
"ಇವನು ಅಜ್ಜ ಅಲ್ವಾ?" ಎಂದೆ ನೀನು,
ಮುಚ್ಚಳ ಹಾಕಿಕೊಂಡವರ ಏರುದನಿಯಲ್ಲಿ.
ಮುಂದಿನ ಸಾಲು ನಕ್ಕಿತು. ನನಗೆ ಸ್ವಲ್ಪ ಚುಚ್ಚಿತು.

ಎರಡನೇ ಹಾಡಿಗೆ ನಿನ್ನ ಅನುಮಾನ:
"ಎಲ್ಲರಿಗೂ ಬಾಯಿಪಾಠ ಇದೆಯಲ್ಲ,
ಇವರಿಗೆಲ್ಲ ಹೋಮ್‌ವರ್ಕ್ ಕೊಟ್ಟಿದ್ರಾ?"
ಮೂರನೆಯದಕ್ಕೆ ಉಚ್ಚೆ.
ನಾಲ್ಕು, ಐದು, ಆರು
ಉಚ್ಚೆಯ ಸರದಿಯಲ್ಲೇ ಮುಗಿದವು,
ಗೋಡೆಯಾಚೆಯಿಂದ, ನೀರೊಳಗೆ ಯಾರೋ ಕುಟ್ಟಿದಂತೆ.

ಆಮೇಲೆ ಬಂತು ನಾನು ಕಾದಿದ್ದ ಹಾಡು, 'ಬೆಳಗಿನ ಪಾಳಿ.'
ಇದಕ್ಕೆಂದೇ ನಿನ್ನನ್ನು ಕರೆತಂದಿದ್ದೆ,
ಇದಕ್ಕೆಂದೇ ಹೆಗಲ ಮೇಲೆ ಎತ್ತಿಕೊಂಡಿದ್ದೆ.
ನೀನು ಆಗಲೇ ನನ್ನ ನೆತ್ತಿಗೆ ಕೆನ್ನೆಯೊತ್ತಿ
ನಿದ್ದೆ ಹೋಗಿದ್ದೆ.
ಜೊಲ್ಲು ನನ್ನ ಹಣೆಗೆ ಇಳಿಯುತ್ತಿತ್ತು.

ನಿನ್ನ ನಿದ್ದೆಗೆ ಹೆದರಿ ಬಾಯಿ ಬಿಡಲಿಲ್ಲ.
ಡ್ರಮ್ಮಿನ ಒಂದೊಂದು ಗುದ್ದೂ
ನಿನ್ನ ಪುಟ್ಟ ಎದೆಗೂಡು ಹೊಕ್ಕು
ಅಲ್ಲಿಂದ ನನ್ನ ತಲೆಗೆ ಇಳಿಯಿತು, ಮೆತ್ತಗಾಗಿ.
ಇಪ್ಪತ್ತಾರು ವರ್ಷ ಈ ಹಾಡನ್ನು ಕಿರುಚಿದ್ದೇನೆ.
ಕೇಳಿಸಿಕೊಂಡದ್ದು ಆವತ್ತೇ ಮೊದಲು.
ಎರಡನೇ ಚರಣದಲ್ಲಿ 'ಮನೆಗೆ ಹೋದೆ' ಎಂದುಕೊಂಡಿದ್ದೆ,
ಅವನು ಹಾಡುವುದು 'ಮನೆಗೆ ಹೋಗಲಿಲ್ಲ.'

ಆಚೆ ಕಂಬದ ಬಳಿ ಒಂದು ಬೋಳುತಲೆ.
ಅವನೋ, ಬೇರೆಯವನೋ,
ತಲೆ ಎತ್ತಿ ನೋಡಲು ನೀನು ಬಿಡಲಿಲ್ಲ.

ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಕೇಳಿದೆ,
ಏನಿಷ್ಟವಾಯಿತು ಪುಟ್ಟಿ?
"ಶುರುವಾಗೋ ಮುಂಚೆ ಬಗ್ಗಿಬಗ್ಗಿ
ನೆಲಕ್ಕೆ ಟೇಪು ಅಂಟಿಸ್ತಿದ್ನಲ್ಲ, ಆ ಮಾಮ."

ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ
ಒಲೆಯಿಂದ ಬಾಗಿಲವರೆಗೆ ಕರಿ ಟೇಪಿನ ಗೆರೆ.
ನಿನ್ನ ತಲೆಯ ಮೇಲೆ ಕಿತ್ತಳೆ ಮುಚ್ಚಳ,
ಒಂದು ಕೈ ನನ್ನ ಮೊಣಕಾಲಿಗೆ ಅಡ್ಡ:
"ನೋಡ್ಕೊಂಡು ದಾಟಪ್ಪ.
ಒಳಗೆ ಸದ್ದು ಹರೀತಿದೆ."