ಷರಾ

ಸಾಣಾಪುರದ ಡ್ರಾಪಿನ ಪಕ್ಕಕ್ಕೆ ನನ್ನ ಖೋಲಿ.
ಒಂದು ಕುರ್ಚಿ, ಟಾರ್ಚು, ಕಾಲುವೆಯಲ್ಲಿ ನೆಟ್ಟ ಅಳತೆಗೋಲು,
ದಿನಕ್ಕೆ ಮೂರು ಸಲ ಗೇಜು ಬರೆಯುವ ರಿಜಿಸ್ಟರು:
ತಾರೀಖು, ವೇಳೆ, ಅಡಿ, ಕ್ಯೂಸೆಕ್ಸು,
ಕಟ್ಟಕಡೆಗೆ ಷರಾ. ಅಲ್ಲಿ ಯಾರೂ ಏನೂ ಬರೆಯುವುದಿಲ್ಲ.
ನಾನು ನೀರಗಂಟಿ. ಇಪ್ಪತ್ತಾರು ವರ್ಷದಲ್ಲಿ
ಒಂದೇ ಸಲ ಬರೆದಿದ್ದೆ: ಎಮ್ಮೆ ಬಿದ್ದಿತ್ತು, ತೆಗೆಯಲಾಯಿತು.

ಹುಲಿಗೆಮ್ಮ ಬಂದದ್ದು ಹರಿಗೋಲು ಯಮನೂರಪ್ಪನ ಬೆನ್ನ ಹಿಂದೆ,
ಯಾರೋ ಬಿಟ್ಟುಹೋದ ಒಡಕು ಕಯಾಕು ಹೊತ್ತು,
ಅದರ ಹೊಟ್ಟೆಗೆ ಡಾಂಬರಿನ ತೇಪೆ.
"ಹರಿಗೋಲು ಸುತ್ತತೈತಿ ಕಾಕಾ, ಇದು ಸೀಳತೈತಿ."
ಡ್ರಾಪಿನ ಬುಡದಲ್ಲಿ ನೀರು
ತನ್ನ ಮೇಲೇ ತಿರುಗಿ ಬೀಳುತ್ತದೆ, ಜಗಳಕ್ಕೆ ನಿಂತ ಹಾಗೆ.
ಅಲ್ಲಿಳಿದರೆ ನನಗೆ ಸಸ್ಪೆಂಡು, ನಿಮ್ಮಪ್ಪನಿಗೆ ಹೆಣ, ಅಂದೆ.
ಮರುದಿನ ನಸುಕಿನ ಐದಕ್ಕೆ
ಟಾರ್ಚು ಹಿಡಿದು ನಿಂತವನೂ ನಾನೇ.

ಈ ದಡದ ಜಾಲಿಗೂ ಆ ದಡದ ಕಂಬಕ್ಕೂ ತಂತಿ.
ತಂತಿಯಿಂದ ಇಳಿಬಿಟ್ಟ ಪೈಪಿನ ತುಂಡುಗಳು, ಜೋಡಿಜೋಡಿ.
ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಉಳಿದ ಬಣ್ಣ:
ಹಸಿರಿನದು ಹರಿವಿನ ಜೊತೆ,
ಕೆಂಪಿನದು ಹರಿವಿಗೆ ಎದುರು. ಇಳಿದು, ಗಕ್ಕನೆ ತಿರುಗಿ
ಬಂದ ದಾರಿಯನ್ನೇ ಮತ್ತೆ ಹತ್ತಬೇಕು.
ಕೋಲು ಮುಟ್ಟಿದರೆ ಎರಡು ಸೆಕೆಂಡು ದಂಡ,
ಬಿಟ್ಟೇ ಹೋದರೆ ಐವತ್ತು.
ಮುಟ್ಟಿದ್ದು ಕತ್ತಲಲ್ಲಿ ಕಾಣುವುದು ಹೇಗೆ?
ಅವಳವ್ವ ಆಡಿನ ಕೊರಳಿಂದ ಗಂಟೆ ಬಿಚ್ಚಿ ತಂದಳು,
ಕೋಲಿಗೊಂದರಂತೆ ಕಟ್ಟಿದಳು.
ಆಮೇಲೆ ಬಂಡೆಯ ಮೇಲೆ ನೀರಿಗೆ ಬೆನ್ನು ಹಾಕಿ ಕೂತು
ಕಿವಿಯಲ್ಲೇ ನೋಡಿದಳು ಎಲ್ಲ:
"ಟಿಣ್. ಎರಡು. ಟಿಣ್. ನಾಕು.
ಏ ಹುಡುಗೀ, ಆಡು ಮೇಸಾಕ ಹೊಂಟೀಯೇನ?"

ಏಪ್ರಿಲಿನಲ್ಲಿ ಕಾಲುವೆ ಬಂದ್.
ತಳದ ಸಿಮೆಂಟು, ಸತ್ತ ಏಡಿ, ಒಂಟಿ ಚಪ್ಪಲಿ.
ಬೋರಲು ಹಾಕಿದ ಮೀನಿನ ಬುಟ್ಟಿಯ ಮೇಲೆ ಕೂತು
ಗಾಳಿಗೆ ಹುಟ್ಟು ಹಾಕುತ್ತಿದ್ದಳು,
ಇಲ್ಲದ ನೀರಿಗೆ ಹೆಗಲು ಕೊಟ್ಟು, ಇಲ್ಲದ ಕೋಲಿಗೆ ತಲೆ ತಗ್ಗಿಸಿ.
ಸೇತುವೆ ಮೇಲೆ ಭತ್ತದ ಟ್ರ್ಯಾಕ್ಟರು ನಿಲ್ಲಿಸಿ
ನಗುವವರು ನಕ್ಕರು.
ಹತ್ತಿರ ಹೋಗಿ ನೋಡಿದೆ. ಮೈಯೆಲ್ಲ ತೊಯ್ದಿತ್ತು.

ಈಗ ರಾತ್ರಿ ಒಂದೂವರೆ. ಖೋಲಿಯಲ್ಲಿ ಹನ್ನೊಂದು ಜನ, ಒಂದು ಫೋನು.
ದೂರದೇಶದ ಮೈಕು
ಅವಳ ಹೆಸರನ್ನು ಮೂರು ತುಂಡು ಮಾಡಿ ನುಂಗಿತು.
ಅರೆ, ಅದೂ ಕಾಲುವೆಯೇ! ಸಿಮೆಂಟಿನದೇ!
ಪಂಪು ಹಚ್ಚಿ ನೀರೆತ್ತಿ ಬಿಡುತ್ತಾರಂತೆ.
ಹಾಗಾದರೆ ಅಲ್ಲಿಯೂ ಒಬ್ಬ ಇರಲೇಬೇಕು,
ಚಕ್ರ ತಿರುವಿ ಅಂಗೈ ಬೊಬ್ಬೆಯೆದ್ದವನು.
ಎಲ್ಲರೂ ಅವಳನ್ನು ಹುಡುಕುವಾಗ ನಾನು ಅವನನ್ನು ಹುಡುಕಿದೆ.
ಕಾಣಲಿಲ್ಲ.

ಬಿಟ್ಟರು.
ಹಸಿರು, ಹಸಿರು, ನೊರೆ, ಹೆಲ್ಮೆಟ್ಟು,
ಕೆಂಪು. ಸೊಂಟದಿಂದ ತಿರುಗಿದಳು, ಹತ್ತಿದಳು,
ಮತ್ತೆ ಹಸಿರು, ಮತ್ತೆ
ಮಗುಚಿತು.
ಯಮನೂರಪ್ಪ ಎದ್ದುನಿಂತ ರಭಸಕ್ಕೆ ಬಲ್ಬು ತಲೆಗೆ ಬಡಿದು
ನಮ್ಮ ನೆರಳೆಲ್ಲ ಗೋಡೆಯ ಮೇಲೆ ತೂಗಾಡಿದವು.
ನೆರಳು ನಿಲ್ಲುವುದರೊಳಗೆ ಅವಳು ಮೇಲಿದ್ದಳು,
ಬಾಯಿಂದ ನೀರು ಉಗುಳುತ್ತ.
ಕೊನೆಯ ಕೆಂಪು.
ಕೋಲು ಅಲುಗಿತೋ, ಗಾಳಿಯೋ.
ಗಂಟೆಯಿಲ್ಲದ ಕೋಲುಗಳು, ಏನೂ ಕೇಳಿಸಲಿಲ್ಲ.
ದಡದ ಮೇಲೆ ಕೂತವನೊಬ್ಬ
ಎರಡು ಎಂದು ಬರೆದ ಹಲಗೆ ಎತ್ತಿದ.

ಒಂದೂಕಾಲು ಸೆಕೆಂಡಿನಲ್ಲಿ ಫೈನಲ್ಲು ತಪ್ಪಿತು.
ಖೋಲಿ ತುಂಬ ಬೈಗುಳ: ಮೋಸ, ಮುಟ್ಟೇ ಇಲ್ಲ,
ಕಣ್ಣು ಹೋಗ್ಯಾವೇನ ಅವನ್ವು.
ಅವಳವ್ವ ಫೋನಿಗೆ ಬೆನ್ನು ಹಾಕಿ
ಬಾಗಿಲಾಚೆಯ ಕತ್ತಲು ನೋಡುತ್ತಿದ್ದಳು.
"ಮುಟ್ಯಾಳ," ಅಂದಳು. "ಎಡಗೈ ಮೊಣಕೈ.
ಕಡೀ ಕೆಂಪಿಗೆ ಹತ್ತೋ ಮುಂದ ಉಸಿರು ಬಿಡತಾಳ,
ಕೈ ಅಗಲ ಆಗತಾವ. ಇಲ್ಲೂ ಹಂಗ."
ಇಲ್ಲಿ ಎಂದೂ ಕೇಳಿಸಿರಲಿಲ್ಲವಲ್ಲ, ಅಂದೆ.
ಅವಳು ಉತ್ತರ ಕೊಡಲಿಲ್ಲ.

ಬೆಳಗಿನ ಆರು. ಅಡಿ, ಕ್ಯೂಸೆಕ್ಸು ತುಂಬಿದೆ.
ತಂತಿ ಹಿಡಿದು ಹೋಗಿ ಕೋಲುಗಳನ್ನೊಂದೊಂದಾಗಿ ಅಲುಗಿಸಿ
ಬಂದು, ಕೈ ಒರೆಸಿಕೊಂಡು
ಷರಾ ಕಾಲಂನಲ್ಲಿ ಬರೆದೆ:
ಕೊನೆಯ ಕೆಂಪು ಕೋಲಿನ ಗಂಟೆಗೆ ತುಕ್ಕು ಹಿಡಿದಿದೆ.
ಬದಲಾಯಿಸತಕ್ಕದ್ದು.