ಹಲ್ಲೆಣಿಕೆ

ನಮ್ಮಪ್ಪ ದನದ ದಲ್ಲಾಳಿ.
ಎತ್ತಿನ ತುಟಿ ಮೇಲೆತ್ತಿ, ಎರಡಲ್ಲು, ನಾಕಲ್ಲು,
ಇದು ಬಾಯಿಗೂಡಿದ್ದು ಎಂದು ವಯಸ್ಸು ಹೇಳುತ್ತಿದ್ದ.
ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ.
ನಾನು ದಾವಣಗೆರೆ ಹೆಡ್ಡಾಫೀಸಿನಲ್ಲಿ
ಇಪ್ಪತ್ತಾರು ವರ್ಷ ಕಾಗದ ವಿಂಗಡಿಸಿದೆ.
ಅದೂ ಬೆರಳಿನದೇ ಕಸುಬು.

ನಗಬೇಡಿ, ಅಂಚೆಚೀಟಿಗೂ ಹಲ್ಲಿವೆ.
ಸರ್ಕಾರದ ಅಚ್ಚಿನಿಂದ ಬಂದವಕ್ಕೆ ಒಂದೇ ಅಳತೆ,
ಹೊಸ ಬಾಚಣಿಗೆಯ ಹಾಗೆ.
ಆ ರಾತ್ರಿ, ಮಂಡಕ್ಕಿ ಭಟ್ಟಿಯ ಹೊಗೆ
ಕಿಟಕಿಯಲ್ಲಿ ಬಂದು ಕೂತಿದ್ದಾಗ,
ವಕೀಲರ ನೋಟೀಸಿನ ಕಟ್ಟೊಂದರಲ್ಲಿ
ಕಣ್ಣಿಗಿಂತ ಮುಂಚೆ ಬೆರಳು ನಿಂತಿತು.
ಐದು ರೂಪಾಯಿಯದು. ಒಂದು ಹಲ್ಲು ದಪ್ಪ, ಒಂದು ಸಣ್ಣ,
ಮೂಲೆಯಲ್ಲೊಂದು ಮುರುಕು.
ಬಿಡಿಸಿ ಮೂಸಿದೆ: ಮೈದಾ ಅಂಟು.
ಪಾಲಯ್ಯನ ನೀರಿನ ಲೋಟಕ್ಕೆ ಅದ್ದಿದೆ,
ಲೋಟದ ತುಂಬ ರೋಸ್ ಶರಬತ್ತು.
"ಯಕ್ಕಾ, ನಾನಿನ್ನೂ ಕುಡಿದಿರಲಿಲ್ಲ," ಅಂದ.

ಬೆಳಗಾಗುವಷ್ಟರಲ್ಲಿ ನಾನೂರ ಹನ್ನೊಂದು.

ಮೇಲಿನಿಂದ ಸುತ್ತೋಲೆ ಬಂತು:
ಭೂತಗನ್ನಡಿಯಲ್ಲಿ ನೋಡಿರಿ, ನೀಲಿ ದೀಪದಡಿ ಹಿಡಿಯಿರಿ,
ಸಂಶಯ ಬಂದದ್ದನ್ನು ರಿಜಿಸ್ಟರಿಗೆ ಏರಿಸಿರಿ.
ಭೂತಗನ್ನಡಿ ಬಂತು. ದೀಪವೂ ಬಂತು, ಬಲ್ಬು ಬರಲಿಲ್ಲ.
ಬಲ್ಬು ಕೇಳಿ ಬರೆದ ಕಾಗದಕ್ಕೆ
ಯಾವ ಚೀಟಿ ಹಚ್ಚಿದ್ದರೋ!
ನಾನು ಹುಡುಗರನ್ನು ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ,
ಅಸಲಿ ಹತ್ತು, ನಕಲಿ ಒಂದು, ಮುಟ್ಟಿ ಹೇಳ್ರೋ ಅಂದೆ.
ಮೂರನೇ ದಿನದ ಮೇಲೆ ಪಾಲಯ್ಯ ತಪ್ಪಲಿಲ್ಲ.
ಡಬ್ಬಿ ಅಂಗಡಿಗಳಿಗೆ ಹೋಗಿ ಹೇಳಿದೆವು:
ಐದರದ್ದು ಮೂರೂವರೆಗೆ ಕೊಡುವವನು
ನಿಮ್ಮ ಸೋದರಮಾವನಲ್ಲ,
ಕೌಂಟರಿನಲ್ಲಿ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ.
ಅವರಲ್ಲೊಬ್ಬ ಬೀಡಿ ಕಟ್ಟು ಸರಿಸುತ್ತ
ಮೆಲ್ಲಗೆ ಒಂದು ಗಲ್ಲಿಯ ಹೆಸರು ಹೇಳಿದ.

ಚೌಕಿಪೇಟೆಯ ಹಿಂದೆ, ವಿಠೋಜಿಯ ಹೊಲಿಗೆ ಅಂಗಡಿ.
ಲಗ್ನಪತ್ರಿಕೆ ಅಚ್ಚು ಹಾಕುವವನು ಹಾಳೆ ತಂದು ಕೊಡುತ್ತಿದ್ದ,
ಈತ ಮಿಷಿನ್ ತುಳಿದು
ದಾರವಿಲ್ಲದ ಸೂಜಿಯಲ್ಲಿ ಸಾಲುಸಾಲು ತೂತು ಹೊಡೆಯುತ್ತಿದ್ದ.
ಪೊಲೀಸರಿಗೆ ಕೈಮುಗಿದು ಕೇಳಿದ:
"ದಾರಾನೇ ಹಾಕಿಲ್ಲ ಸ್ವಾಮಿ,
ಇದು ಹೊಲಿಗೆಯೇ ಅಲ್ಲ ಅಂದಮೇಲೆ
ನಾನು ಮಾಡಿದ್ದಾದರೂ ಏನು?"
ಸೂಜಿ ಚುಚ್ಚಿ ಚುಚ್ಚಿ ಅವನ ಹೆಬ್ಬೆರಳೇ
ಚೀಟಿಯ ಅಂಚಾಗಿತ್ತು.
ಒಂದು ಅಂಗಿಗೆ ಎಷ್ಟು ಕೂಲಿ ಬರುತ್ತಿತ್ತು
ಅಂತ ಕೇಳಬೇಕೆನಿಸಿತು.
ಕೇಳಲಿಲ್ಲ.

ರಿಜಿಸ್ಟರಿಗೆ ಒಂದನ್ನು ಮಾತ್ರ ಏರಿಸಲಿಲ್ಲ.
ಜಗಳೂರು ಕಡೆಯ ಲಕೋಟೆ, ಬಳ್ಳಾರಿ ಜೈಲಿಗೆ.
ಅಕ್ಷರ ಈಗಷ್ಟೇ ಕಲಿತ ಕೈ,
'ಕೈದಿ' ಬರೆಯಲು ಹೋಗಿ ಐತ್ವ ಮರೆತು
'ಕದಿ' ಅಂತ ಬರೆದಿತ್ತು.
ಚೀಟಿ ನಕಲಿ. ಕೊಂಡ ದುಡ್ಡು ಅಸಲಿ.
ನಿಯಮದ ಪ್ರಕಾರ ಅದು ಸಾಕ್ಷಿ,
ಕೇಸು ಮುಗಿಯುವ ತನಕ ಬೀರುವಿನಲ್ಲಿ ಇರಬೇಕು.
ಪರ್ಸಿನಿಂದ ಐದು ರೂಪಾಯಿ ತೆಗೆದು
ಕೌಂಟರಿನ ಹುಡುಗಿಯ ಹತ್ತಿರ ಚೀಟಿ ಕೊಂಡು
ನಕಲಿಯ ಮೇಲೇ ಅಂಟಿಸಿದೆ, ಹಲ್ಲಿನ ಮೇಲೆ ಹಲ್ಲು ಕೂರಿಸಿ.
ಠಸ್ಸೆ ಒಂದೇ ಏಟು.

ಅಪ್ಪ ಸತ್ತಾಗ ಅವನ ಟ್ರಂಕಿನಲ್ಲಿ
ಸಣ್ಣದೊಂದು ಅರ ಸಿಕ್ಕಿತ್ತು,
ಮುದಿ ಎತ್ತಿನ ಹಲ್ಲು ಉಜ್ಜಿ ಪ್ರಾಯ ಬರಿಸುವಂಥದ್ದು.
ಅವ್ವ ಒಂದೂ ಮಾತಾಡದೆ
ಕುಡುಗೋಲು ಮಸೆಯಲು ಇಟ್ಟುಕೊಂಡಳು.
ಯಾರ ಹೊಲದಲ್ಲಿ, ಯಾವ ಸಾಲಿನ ನಡುವೆ
ಕುಸಿದು ಕೂತವೋ ಆ ಎತ್ತುಗಳು.

ಬಳ್ಳಾರಿಯಿಂದ ವಾಪಸು ಬರುವ ಕಟ್ಟುಗಳನ್ನು
ಆರು ತಿಂಗಳು ನಾನೇ ಬಿಚ್ಚಿದೆ.
ಅಂಚು ಸವರಿ, ಒಂದೊಂದೇ.
ಎರಡು ಪದರದ್ದು
ಬೆರಳಿಗೆ ಸಿಗಲಿಲ್ಲ.